ಹಸಿರು ಬೋಗಿಗೆ ವರ್ಷ ಹಾಕುವ ಮುನ್ನ

ಗೆಳೆಯರೇ, ಅಮೆರಿಕದ ನ್ಯೂಜೆರ್ಸಿಯ ಹೊಬೋಕನ್ ಕಡೆಯ ಹಳೇ ಲ್ಯಾಕವಾನಾ ರೈಲ್ವೆಯ ಲೋಕಲ್ ರೈಲು ಬೋಗಿಗಳ ಮಾಡೆಲ್ ಮಾಡುತ್ತಿರುವವರಿಗೆ ಒಂದು ಮಾತು. ಸುಮ್ನೆ ಬಣ್ಣ ನೋಡಿ ಹಳೇ ಫೋಟೋದ ವರ್ಷ ಹೇಳಬೇಡಿ. 1930ರಲ್ಲಿ ಓಡಲು ಶುರು ಮಾಡಿದ ಈ ಕರೆಂಟ್ ಬೋಗಿಗಳು 1984ರಲ್ಲಿ ನಿಲ್ಲುವವರೆಗೂ ಹೆಚ್ಚುಕಮ್ಮಿ ಅದೇ ಕಡು ಪುಲ್‌ಮನ್ ಹಸಿರಲ್ಲೇ ಇದ್ದವು.

ಕಿಟಕಿ ಸಾಲಿನ ಮೇಲಿನ ಪಟ್ಟಿಯಲ್ಲಿ ಬರೆದ ಹೆಸರು ನೋಡಿ. ‘ಈರಿ ಲ್ಯಾಕವಾನಾ’ ಅಂತಿದ್ದರೆ ಫೋಟೋ 1960ರ ಅಕ್ಟೋಬರ್ 17ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಈರಿ, ಲ್ಯಾಕವಾನಾ ಎಂಬ ಎರಡು ರೈಲ್ವೆ ಕಂಪನಿಗಳು ಒಂದಾದದ್ದೇ ಅವತ್ತು. ಉಲ್ಟಾ ಲೆಕ್ಕ ನಡೆಯುವುದಿಲ್ಲ: ಹಳೇ ಹೆಸರು ‘ಲ್ಯಾಕವಾನಾ’ ಇದ್ದ ಮಾತ್ರಕ್ಕೆ ಫೋಟೋ ಆ ದಿನಕ್ಕಿಂತ ಹಿಂದಿನದು ಅನ್ನುವಂತಿಲ್ಲ. ರಾತ್ರೋರಾತ್ರಿ ಎಲ್ಲಾ ಬೋಗಿಗೂ ಹೊಸ ಹೆಸರು ಬರೆಯಲು ಆಗಲ್ಲ ಅಲ್ವಾ?

ನಾನು 1958ರ ಸೀನ್‌ಗೆ ಹೊಸ ಹೆಸರಿನ ಡೆಕಾಲ್ (ಅಕ್ಷರದ ಸ್ಟಿಕ್ಕರ್) ಅಂಟಿಸಿ, ಮೇಲೆ ವಾರ್ನಿಶ್ ಬೇರೆ ಹೊಡೆದಿದ್ದೆ. ಎರಡು ಸಂಜೆ ಕೆರೆದು ತೆಗೆದೆ!

ಸ್ಲೈಡಿನ (ಬೆಳಕು ಹಾಯಿಸಿ ನೋಡುವ ಫಿಲ್ಮ್ ಫೋಟೋದ) ರಟ್ಟಿನ ಚೌಕಟ್ಟಿನ ಮೇಲೆ ಒತ್ತಿರುವ ತಿಂಗಳು, ವರ್ಷ ಫಿಲ್ಮ್ ತೊಳೆದ ದಿನದ್ದು. ಅದಕ್ಕೂ ಮೊದಲು ರೋಲ್ ಕ್ಯಾಮೆರಾದಲ್ಲೇ ಆರು ತಿಂಗಳು ಕೂತಿರಬಹುದು. ಹಳೇ ಫಿಲ್ಮಿನಲ್ಲಿ ಈ ಹಸಿರು ಕಪ್ಪಾಗಿಯೂ ಕಾಣುತ್ತದೆ.

ಫೋಟೋ ಹಾಕುವಾಗ ಅಂಚು ಕತ್ತರಿಸಬೇಡಿ, ಬೋಗಿ ನಂಬರ್ ಕಾಣಲಿ.