ಅವ್ವನನ್ನು ಮನೆಗೆ ಕರೆತಂದವಳಿಗೆ

ಮೊನ್ನೆ ಸೋಮವಾರ ಅಂಗಡಿಯ ಬಾಗಿಲು ತೆರೆದೆ. ನಾಲ್ಕು ವರ್ಷಗಳ ಹಿಂದೆ ಹೊಲಿಗೆ ಯಂತ್ರವನ್ನು ಪೇಟೆಯಿಂದ ಮನೆಯ ಪಡಸಾಲೆಗೆ ತಂದಿಟ್ಟಾಗ, ಅದನ್ನು ಮತ್ತೆ ಹೊರಗೆ ಒಯ್ಯುವ ದಿನ ಬಂದರೆ ಅದು ಅವ್ವ ಇಲ್ಲದ ದಿನವೇ ಆಗಿರುತ್ತದೆ ಎಂದು ಗೊತ್ತಿತ್ತು. ಹಾಗಾಗಿ ಆ ದಿನ ಬೇಗ ಬರಲಿ ಎಂದು ಬೇಡಿಕೊಳ್ಳುವಂತಿರಲಿಲ್ಲ, ಬರುವುದೇ ಬೇಡ ಎನ್ನುವ ಶಕ್ತಿಯೂ ಕೊನೆಕೊನೆಗೆ ಉಳಿದಿರಲಿಲ್ಲ.

ಅವ್ವನ ಮರೆವಿನ ಕಾಯಿಲೆಯ ವಿವರ ನಿಮಗೆಲ್ಲ ತಿಳಿದದ್ದೇ. ಮೊದಲು ತೋರಿಸಿದ ಕಡೆ ‘ವಯಸ್ಸಾದ ಮೇಲೆ ಮರೆವು ಇದ್ದದ್ದೇ’ ಎಂದು ಶಕ್ತಿಯ ಗುಳಿಗೆ ಬರೆದುಕೊಟ್ಟು ಒಂದು ವರ್ಷ ಕಳೆದರು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಮತ್ತೆ ಬರೆಯುವುದು ಏನೂ ಇಲ್ಲ. ಧನ್ಯವಾದ ಹೇಳುವುದಕ್ಕೆ ಈ ಬರಹ.

ಪುಣೆಯಿಂದ ತಿಂಗಳು ತಪ್ಪದೆ ಹಣ ಕಳಿಸಿದ ಅಣ್ಣ, ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಮೂರು ಸಲ ತನ್ನ ಕಾರಿನಲ್ಲಿ ಕರೆದೊಯ್ದು ಪೆಟ್ರೋಲಿನ ಹಣವನ್ನೂ ಮುಟ್ಟದ ಗೆಳೆಯ, ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಗುಳಿಗೆ ತಂದುಕೊಟ್ಟ ಔಷಧಿ ಅಂಗಡಿಯ ಹುಡುಗ, ಹಬ್ಬ ಮುಗಿದ ಮೇಲೆ ಕುಪ್ಪಸ ಕೊಟ್ಟರೂ ಮುಖ ಗಂಟಿಕ್ಕದ ಗಿರಾಕಿಗಳು, ಎಲ್ಲರಿಗೂ ಕೈಮುಗಿಯುತ್ತೇನೆ. ಏಳೂವರೆಯ ಬಸ್ಸಿಗೆ ಮುಧೋಳದ ಕಡೆಯ ಶಾಲೆಗೆ ಹೋಗಿ, ಸಂಜೆ ಬಂದ ಕೂಡಲೇ ಅವ್ವನ ತಲೆ ಬಾಚುತ್ತಿದ್ದ ನನ್ನ ಹೆಂಡತಿಯ ಸಂಬಳದ ಮೇಲೆ ಮನೆ ನಡೆಯಿತು. ಅವಳಿಗೆ ಹೇಳಬೇಕಾದದ್ದನ್ನು ಮನೆಯಲ್ಲಿ ಹೇಳಿದ್ದೇನೆ.

ಇನ್ನು ಚಿಗವ್ವನ ವಿಷಯ. ಆಕೆ ನಮ್ಮ ಬಳಗದವಳಲ್ಲ, ಪಕ್ಕದ ಮನೆಯವಳು. ಅವ್ವ ಆಕೆಯನ್ನು ತಂಗಿ ಎನ್ನುತ್ತಿದ್ದುದರಿಂದ ನನಗೆ ಚಿಗವ್ವ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಹೆಸರು ಹಾಕಬೇಡ ಎಂದಿದ್ದಾಳೆ, ಹಾಕುವುದಿಲ್ಲ.

ಬಾಗಲಕೋಟೆಯವರಿಗೆ ನವನಗರದ ಕಥೆ ಹೇಳಬೇಕಾಗಿಲ್ಲ. ದೂರದಲ್ಲಿರುವವರಿಗಾಗಿ ಇಷ್ಟು: ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯ ದಂಡೆಯ ಹಳೆ ಊರಿನ ತಗ್ಗಿನ ಓಣಿಗಳನ್ನು ನುಂಗಿತು, ಅಲ್ಲಿದ್ದವರು ಎತ್ತರದ ಈ ಸೆಕ್ಟರುಗಳಿಗೆ ಬಂದೆವು. ಲಾಲ್ ಬಹದ್ದೂರ್ ಶಾಸ್ತ್ರಿಯವರು ಆ ಅಣೆಕಟ್ಟೆಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ. ಅದೇ ವರ್ಷ ಅವ್ವ ಮದುವೆಯಾಗಿ ಹೊಳೆದಂಡೆಯ ಆ ಮನೆಗೆ ಕಾಲಿಟ್ಟಿದ್ದಳು. ಕಾಯಿಲೆ ಬಂದ ಮೇಲೆ ನವನಗರದ ವರ್ಷಗಳೆಲ್ಲ ಆಕೆಯ ತಲೆಯಿಂದ ಅಳಿಸಿಹೋದವು. ಆ ಮನೆ ಮಾತ್ರ ಉಳಿಯಿತು. ಹೊತ್ತು ಇಳಿಯಿತೆಂದರೆ ಗಂಟು ಕಟ್ಟುತ್ತಿದ್ದಳು. ಒಂದು ಇಳಕಲ್ ಸೀರೆ, ನನ್ನ ಅಳತೆ ಪಟ್ಟಿ, ಟಿವಿಯ ರಿಮೋಟ್, ಕೈಗೆ ಸಿಕ್ಕದ್ದೆಲ್ಲ ಅದರೊಳಗೆ. ‘ನಡೆಯೋ, ಮನೆಗೆ ಹೋಗೋಣ, ದನಕ್ಕೆ ನೀರು ಕುಡಿಸಬೇಕು.’

ಎರಡು ವರ್ಷಗಳ ಹಿಂದಿನ ಆಷಾಢ. ಹೆಂಡತಿ ತವರಿಗೆ ಹೋಗಿದ್ದಳು. ಕರೆಂಟ್ ಇರಲಿಲ್ಲ, ಗಾಳಿ ಬೀಸುತ್ತಿತ್ತು. ಅದು ಅವ್ವ ನಿದ್ದೆ ಮಾಡದ ಮೂರನೆಯ ರಾತ್ರಿ, ನನಗೂ ಮೂರನೆಯದು. ಒಂದು ಗಂಟೆಯ ಸುಮಾರಿಗೆ ಗಂಟು ಹಿಡಿದು ಬಾಗಿಲು ಬಡಿಯತೊಡಗಿದಳು. ‘ಅವ್ವಾ, ಆ ಮನೆ ನೀರಲ್ಲಿ ಮುಳುಗಿದೆ’ ಎಂದೆ. ಆಕೆ ನನ್ನ ಮುಖ ನೋಡಿ, ಆಗಷ್ಟೇ ಸುದ್ದಿ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತಳು. ಹತ್ತು ನಿಮಿಷಕ್ಕೆ ಮರೆತಳು. ಮತ್ತೆ ಗಂಟು, ಮತ್ತೆ ಬಾಗಿಲು. ಮತ್ತೆ ಹೇಳಿದೆ, ಮತ್ತೆ ಅತ್ತಳು. ಒಂದೇ ರಾತ್ರಿಯಲ್ಲಿ ಎಷ್ಟು ಸಲ ಆಕೆಯ ಮನೆ ಮುಳುಗಿಸಿದೆನೋ ಲೆಕ್ಕವಿಲ್ಲ. ಕೊನೆಗೆ ಚಿಲಕ ಹಿಡಿದಿದ್ದ ನನ್ನ ಕೈಯನ್ನು ಕಚ್ಚಿದಳು. ನಾನು ದೂಡಿದೆ. ಹೆತ್ತ ತಾಯಿಯನ್ನು ದೂಡಿದೆ. ಮಂಚದ ಅಂಚಿಗೆ ಮೊಣಕೈ ತಾಗಿ ಕುಸಿದಳು. ಇದನ್ನು ಇಂದಿನವರೆಗೆ ಅಣ್ಣನಿಗೂ ಹೇಳಿಲ್ಲ.

ಗೋಡೆಯಾಚೆ ಎಲ್ಲ ಕೇಳಿಸಿರಬೇಕು. ಚಿಗವ್ವ ಬಂದು ಬಾಗಿಲು ತಟ್ಟಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವ್ವನನ್ನು ಎಬ್ಬಿಸಿ, ಗಂಟನ್ನು ತಾನೇ ಕಂಕುಳಲ್ಲಿಟ್ಟುಕೊಂಡು, ‘ನಡೆ ಅಕ್ಕಾ, ನಾನೂ ಅದೇ ಓಣಿಗೆ ಹೊರಟಿದ್ದೇನೆ’ ಎಂದಳು. ನಾನು ಬ್ಯಾಟರಿ ಹಿಡಿದು ಹತ್ತು ಹೆಜ್ಜೆ ಹಿಂದೆ ನಡೆದೆ.

ಸೆಕ್ಟರಿನ ರಸ್ತೆಗಳು ನಿಮಗೆ ಗೊತ್ತು, ಗೆರೆ ಎಳೆದ ಹಾಗೆ, ಎಲ್ಲವೂ ಒಂದೇ ತರಹ. ಆ ಕತ್ತಲೆಯಲ್ಲಿ ಚಿಗವ್ವ ಅವುಗಳ ಮೇಲೆ ಹಳೆ ಊರನ್ನು ಹಾಸುತ್ತ ಹೋದಳು. ‘ಇದು ಹಿಟ್ಟಿನ ಗಿರಣಿ. ಇಲ್ಲಿ ಬಾವಿ ಇದೆ, ಅಂಚಿಗೆ ಹೋಗಬೇಡ. ಕೆಸರು ನೋಡು, ಸೀರೆ ಎತ್ತಿ ಹಿಡಿ.’ ಅವ್ವ ನಿಜವಾಗಿಯೂ ನೆರಿಗೆ ಎತ್ತಿ ಹಿಡಿದಳು. ಒಂದು ಗೇಟಿನ ಮುಂದೆ ನಿಂತು, ಎಂದೋ ತೀರಿಹೋದ ನೆರೆಯವಳ ಬಾಣಂತನ ಹೇಗೆ ನಡೆದಿದೆ ಎಂದು ವಿಚಾರಿಸಿದಳು. ‘ಗಂಡು ಹುಟ್ಟಿದೆ, ಇಬ್ಬರೂ ಆರಾಮ’ ಎಂದಳು ಚಿಗವ್ವ. ಹೀಗೆ ಎರಡು ಸುತ್ತು ಹಾಕಿ ನಮ್ಮದೇ ಬಾಗಿಲಿಗೆ ಬಂದು ನಿಂತರು. ‘ಬಂತು ನೋಡಕ್ಕಾ, ಮನೆ.’

ಅವ್ವ ಬಗ್ಗಿ ಹೊಸ್ತಿಲು ಮುಟ್ಟಿ ಬೆರಳನ್ನು ಹಣೆಗೆ ಒತ್ತಿಕೊಂಡು ಒಳಗೆ ಬಂದಳು. ನೀರು ಕುಡಿದಳು. ‘ದನ?’ ಎಂದಳು. ‘ಕುಡಿಸಿದ್ದೇನೆ, ಮಲಗು.’ ಮಲಗಿದಳು. ಚಿಗವ್ವ ಆಕೆಯ ಮೊಣಕೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ನನಗೆ ಹೇಳಿದ್ದು ಎರಡೇ ಮಾತು: ‘ಇನ್ನು ಮುಳುಗಿತು ಎನ್ನಬೇಡ. ನೀನೂ ಮಲಗು.’ ನಾಲ್ಕು ಗಂಟೆಗೆ ಎಚ್ಚರವಾದಾಗ ಆಕೆಯ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ಡಿಮ್ಹಾನ್ಸ್‌ನ ವೈದ್ಯರೂ ‘ವಾದ ಮಾಡಬೇಡಿ, ಅವರು ಇರುವ ಕಾಲಕ್ಕೆ ನೀವೇ ಹೋಗಿ’ ಎಂದಿದ್ದರು. ತಲೆಯಾಡಿಸಿ ಬಂದಿದ್ದೆ. ಹೋಗುವುದು ಹೇಗೆಂದು ತಿಳಿದದ್ದು ಆ ರಾತ್ರಿ. ಅದಾದ ಮೇಲೆ ವಾರಕ್ಕೆ ಎರಡು ಮೂರು ಸಲ ನಾನೇ ಅವ್ವನನ್ನು ‘ಮನೆಗೆ’ ಕರೆದೊಯ್ದೆ. ಗಿರಣಿ, ಬಾವಿ, ಕೆಸರು, ಎಲ್ಲ ಬಾಯಿಪಾಠವಾಯಿತು. ಚಿಗವ್ವನ ಮನೆಯೂ ಅದೇ ಓಣಿಯಲ್ಲಿತ್ತು, ಅದೇ ನೀರಿಗೆ ಹೋಯಿತು ಎಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಆ ರಾತ್ರಿ ಆಕೆ ತನ್ನ ಬಾಗಿಲನ್ನೂ ದಾಟಿ ಬಂದಿರಬೇಕು. ಅಲ್ಲಿ ನಿಲ್ಲಲಿಲ್ಲ.

ಇನ್ನೊಂದು ಮಾತು. ತಾಯಿಗೆ ಮೈ ತೊಳೆಸುವ ಮಗ ಎಂದು ಹಲವರು ನನ್ನನ್ನು ಶ್ರವಣಕುಮಾರ ಎಂದಿರಿ. ಪ್ರೀತಿಯಿಂದ ಅಂದದ್ದು, ಒಪ್ಪುತ್ತೇನೆ. ಆದರೆ ಅತ್ತೆಯ, ಮಾವನ ಹಾಸಿಗೆ ಬದಲಿಸುತ್ತ ವರ್ಷಗಟ್ಟಲೆ ಮನೆ ಬಿಟ್ಟು ಹೊರಬರದ ಹೆಣ್ಣುಮಕ್ಕಳು ನಮ್ಮ ಸೆಕ್ಟರಿನಲ್ಲೇ ಇದ್ದಾರೆ, ಅವರಿಗೆ ಯಾರೂ ಪುರಾಣದ ಹೆಸರು ಕೊಟ್ಟಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷವನ್ನು ಸಂಬಳವಿಲ್ಲದ ಈ ಕೆಲಸಕ್ಕೆ ಕೊಡುತ್ತಾರೆ, ಗಂಡಸರು 76 ನಿಮಿಷ. ಆರೈಕೆಗೆ ಕೈಹಾಕಿದ ಗಂಡಸರ ಲೆಕ್ಕವೇ ಇಷ್ಟು. ಆ ಹೆಣ್ಣುಮಕ್ಕಳ ಮನೆಗೆ ಹೋದಾಗ ಬರೀ ರೋಗಿಯನ್ನು ಮಾತನಾಡಿಸಿ ಬರಬೇಡಿ, ಎರಡು ತಾಸು ಅಲ್ಲೇ ಕುಳಿತು ಆಕೆಯನ್ನು ಹೊರಗೆ ಕಳಿಸಿ. ನಾನು ಹಣ್ಣಿನ ಚೀಲಗಳನ್ನು ಮರೆತಿದ್ದೇನೆ, ‘ನೀನು ಹೋಗಿ ಕ್ಷೌರ ಮಾಡಿಸಿಕೊಂಡು ಬಾ, ನಾನಿದ್ದೇನೆ’ ಎಂದವರನ್ನು ಮರೆತಿಲ್ಲ.

ಅವ್ವನ ಗಾಳಿ ಹಾಸಿಗೆ, ಕಮೋಡ್ ಕುರ್ಚಿ, ವಾಕರ್, ಒಡೆಯದ ಎರಡು ಡೈಪರ್ ಪ್ಯಾಕ್ ಪಡಸಾಲೆಯಲ್ಲಿವೆ. ಹಾಸಿಗೆಯ ಪಂಪು ಚೆನ್ನಾಗಿ ನಡೆಯುತ್ತದೆ, ತೊಳೆದು ಬಿಸಿಲಿಗೆ ಹಾಕಿದ್ದೇನೆ. ನವನಗರದಲ್ಲಾಗಲಿ ಹಳೆ ಊರಲ್ಲಾಗಲಿ ಯಾರಿಗೆ ಬೇಕಿದ್ದರೂ ಒಯ್ಯಿರಿ, ಹಣ ಬೇಡ. ನಾನು ಅಂಗಡಿಯಲ್ಲಿದ್ದರೆ ಕೀಲಿ ಚಿಗವ್ವನ ಬಳಿ ಇರುತ್ತದೆ. ಹತ್ತು ಗಂಟೆಯ ಮೊದಲು ಹೋಗಬೇಡಿ, ಆಕೆ ರೊಟ್ಟಿ ಬಡಿಯುತ್ತಿರುತ್ತಾಳೆ.