ಎರಡು ಗೆರೆ ಇರಲಿ ಬಿಡು

ಮಂಡ್ಯ
ಭಾನುವಾರ ಸಂಜೆ

ಚಿ. ಮೇಘನಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಾಲೆಗೆ ನೀರು ಬಿಟ್ಟಿದ್ದಾರೆ, ಊರ ಕಡೆ ನಾಟಿ ಶುರುವಾಗಿದೆ. ನಿನ್ನ ದೊಡ್ಡಪ್ಪ ದಿನಾ ಬೆಳಿಗ್ಗೆ ಗದ್ದೆ ಕಡೆ ಹೋಗಿ ಬರುತ್ತಾರೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ತಲೆಯಿಂದ ಹೋಗಿಲ್ಲ. ನೀವು ಮಾಡುತ್ತಿರುವ ಆ ಉಂಗುರ ನಾಡಿ, ಆಕ್ಸಿಜನ್ ಎರಡನ್ನೂ ಅಳೆದು ಮೊಬೈಲಿಗೆ ಕಳಿಸುತ್ತೆ. ಬೆರಳಿನಿಂದ ಸಿಗ್ನಲ್ ಸರಿಯಾಗಿ ಸಿಗದಿದ್ದಾಗ ಪರದೆ ಮೇಲೆ ಅಂಕಿ ಬದಲು ಎರಡು ಗೆರೆ ಬರುತ್ತಿತ್ತು. ಗೆರೆ ಕಂಡರೆ ಜನ ಉಂಗುರ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ, ಅದಕ್ಕೆ ಹಿಂದೆ ಬಂದಿದ್ದ ಅಂಕಿಯನ್ನೇ ತೋರಿಸುತ್ತಾ ಇರೋಣ ಅಂತ ಮೀಟಿಂಗಿನಲ್ಲಿ ಮಾತಾಯಿತು ಅಂದೆ. "ಅದರಲ್ಲಿ ತಪ್ಪೇನಿದೆ ದೊಡ್ಡಮ್ಮ?" ಅಂತ ಕೇಳಿದೆ. ಆಗ ನನಗೆ ಸರಿಯಾಗಿ ಹೇಳೋಕೆ ಬರಲಿಲ್ಲ. ಅದಕ್ಕೇ ಈ ಕಾಗದ.

ತಪ್ಪಿದೆ ಪುಟ್ಟಿ. ನೀನು ಒಪ್ಪಬೇಡ.

ನಾನು 32 ವರ್ಷ ಸ್ಟಾಫ್ ನರ್ಸ್ ಆಗಿ ದುಡಿದವಳು. ನಿನ್ನಷ್ಟು ಓದಿಲ್ಲ. ಆದರೆ ನೀವು ಮಾಡುವ ಯಂತ್ರಗಳ ಎದುರು ರಾತ್ರಿಯೆಲ್ಲ ಕೂತಿದ್ದೇನೆ. 2021ರ ಮೇ ತಿಂಗಳ ಎರಡು ಸಂಗತಿ ಹೇಳುತ್ತೇನೆ, ಕೇಳು.

ಒಂದು ರಾತ್ರಿ ನಮ್ಮ ಬೀದಿಯ ಹುಡುಗಿ ಓಡಿ ಬಂದಳು. ಬೆರಳಿಗೆ ಹಾಕುವ ಆಕ್ಸಿಮೀಟರ್ ಅಜ್ಜಿಗೆ ಆಕ್ಸಿಜನ್ 85 ತೋರಿಸುತ್ತಿದೆ ಅಂತ ಅಳುತ್ತಿದ್ದಳು. ಅವಳಪ್ಪ ಆಂಬುಲೆನ್ಸಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಆಗ ಬೆಡ್ ಸಿಗುವುದು ಎಷ್ಟು ಕಷ್ಟವಿತ್ತು ಅಂತ ನಿನಗೂ ಗೊತ್ತಲ್ವಾ. ಹೋಗಿ ನೋಡಿದೆ. ಅಜ್ಜಿಗೆ ಚಳಿಜ್ವರ, ಬೆರಳು ಐಸ್‌ನಂತೆ ತಣ್ಣಗಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಉಸಿರು ಮಾತ್ರ ಸಲೀಸಾಗಿತ್ತು. ಅವರ ಎರಡೂ ಕೈಯನ್ನು ನನ್ನ ಕೈಯೊಳಗೆ ಇಟ್ಟುಕೊಂಡು ಉಜ್ಜಿದೆ. ಬಿಸಿನೀರಿನ ಬ್ಯಾಗ್ ಕೊಟ್ಟೆ. ಹತ್ತು ನಿಮಿಷ ಬಿಟ್ಟು ಬೆರಳಿಗೆ ಹಾಕಿದರೆ 96.

ಅದೇ ವಾರ ವಾರ್ಡಿಗೆ ಕಬ್ಬು ಕಡಿಯುವವರೊಬ್ಬರು ಬಂದರು. ಕಪ್ಪು ಮೈ, ದಪ್ಪ ಚರ್ಮದ ಬೆರಳು. ಯಂತ್ರ 94 ಅಂತ ನಿಂತಿತ್ತು, ಅಲುಗಾಡಲೇ ಇಲ್ಲ. ಆದರೆ ಅವರು ಮಾತಾಡುವಾಗ ನಡುನಡುವೆ ನಿಲ್ಲಿಸುತ್ತಿದ್ದರು. ನಾನು ಗಡಿಯಾರ ನೋಡಿಕೊಂಡು ಅವರ ಎದೆ ಏರಿಳಿಯುವುದನ್ನು ಎಣಿಸಿದೆ. ನಿಮಿಷಕ್ಕೆ 32, ತೀರಾ ಜಾಸ್ತಿ. ಡಾಕ್ಟರಿಗೆ ಹೇಳಿದೆ. ಅವರು ಮಣಿಕಟ್ಟಿನ ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಬಂದಿದ್ದು 86.

ಹೀಗೇಕೆ ಅಂತ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಕೆಂಪು ಬೆಳಕು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಆಕ್ಸಿಜನ್ ಇರುವ ರಕ್ತ, ಇಲ್ಲದ ರಕ್ತ ಇವೆರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಮಿಡಿದಾಗ ಬೆಳಕು ಎಷ್ಟು ಬದಲಾಯಿತು ಅನ್ನುವುದೇ ಲೆಕ್ಕ. ಬೆರಳು ತಣ್ಣಗಾದರೆ ಮಿಡಿತ ಸರಿಯಾಗಿ ಸಿಗುವುದಿಲ್ಲ. ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತೆ. ಅಮೆರಿಕದಲ್ಲಿ 2020ರ ಡಿಸೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಯಂತ್ರ 92ರಿಂದ 96 ತೋರಿಸಿದವರ ರಕ್ತವನ್ನೇ ಪರೀಕ್ಷಿಸಿ ನೋಡಿದ್ದರು. ಬಿಳಿಯರಲ್ಲಿ ಶೇ. 3.6ರಷ್ಟು ಸಲ, ಕಪ್ಪು ಜನರಲ್ಲಿ ಶೇ. 11.7ರಷ್ಟು ಸಲ ನಿಜವಾದ ಆಕ್ಸಿಜನ್ 88ಕ್ಕಿಂತ ಕೆಳಗಿತ್ತು. ಅದನ್ನು ಓದಿದಾಗ ಆ ಕಬ್ಬಿನವರ ಮುಖ ನನಗೆ ನೆನಪಾಯಿತು. ನಿಮ್ಮ ಉಂಗುರವನ್ನು ಯಾರ ಬೆರಳಿಗೆ ಹಾಕಿ ನೋಡಿದ್ದೀರಿ ಮೇಘನಾ? ಎಸಿ ರೂಮಿನಲ್ಲಿ ಕೂತ ನಿನ್ನ ಜೊತೆಯವರಿಗೆ ಮಾತ್ರಾನಾ?

ಈ ಆಕ್ಸಿಮೀಟರ್ ಯಂತ್ರಕ್ಕೆ ದಾರಿ ತೋರಿದವರು ಜಪಾನಿನ ಇಂಜಿನಿಯರ್ ಟಾಕುವೊ ಅಯೊಯಾಗಿ. 1970ರ ದಶಕದ ಮಾತು. ಅವರು ಅಳೆಯಲು ಹೊರಟಿದ್ದು ಬೇರೆ. ರಕ್ತಕ್ಕೆ ಬಣ್ಣ ಸೇರಿಸಿ, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತೆ ಅಂತ ಬೆಳಕಿನಿಂದ ನೋಡುತ್ತಿದ್ದರು. ನಾಡಿಯ ಮಿಡಿತ ಅಡ್ಡ ಬರುತ್ತಿತ್ತು. ಮೊದಲು ಅದನ್ನು ಅಳಿಸಲು ನೋಡಿದರು. ಆಮೇಲೆ ಆ ಅಡ್ಡಿಯೊಳಗೇ ಆಕ್ಸಿಜನ್ನಿನ ಲೆಕ್ಕ ಇದೆ ಅಂತ ಅವರಿಗೆ ಹೊಳೆಯಿತು. ನಿಮ್ಮ ಎರಡು ಗೆರೆಯೂ ಹಾಗೇ. ಬೆರಳು ತಣ್ಣಗಿದೆ, ಉಂಗುರ ಸಡಿಲವಾಗಿದೆ, ಕೈ ಅಲುಗುತ್ತಿದೆ, ಇಲ್ಲವೇ ಮನುಷ್ಯನಿಗೇ ಏನೋ ಆಗಿದೆ ಅಂತ ಅದು ಹೇಳುತ್ತಿರುತ್ತೆ. ಅದನ್ನು ಅಳಿಸಿ ಅರ್ಧ ಗಂಟೆ ಹಿಂದಿನ 97 ಇಟ್ಟರೆ, ಪಕ್ಕದಲ್ಲಿ ಕೂತ ಮಗಳು ಅಪ್ಪನ ಮುಖ ನೋಡುವುದನ್ನೇ ಬಿಡುತ್ತಾಳೆ.

ಥೆರಾಕ್-25 ಯಂತ್ರದ ಕಥೆ ನಿನಗೆ ಕಾಲೇಜಿನಲ್ಲಿ ಹೇಳಿರಬಹುದು. ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರ. 1985ರಿಂದ 1987ರವರೆಗೆ ಅಮೆರಿಕ, ಕೆನಡಾದಲ್ಲಿ ಆರು ಜನರಿಗೆ ಅದರಿಂದ ವಿಪರೀತ ವಿಕಿರಣ ಬಿತ್ತು, ಕಡೇಪಕ್ಷ ಮೂವರು ಸತ್ತರು. ಟೆಕ್ಸಾಸಿನ ಒಂದು ಆಸ್ಪತ್ರೆಯಲ್ಲಿ ಪರದೆ ಮೇಲೆ ಬಂದಿದ್ದು "ದೋಷ 54" ಅಂತ ಮಾತ್ರ. ಹಾಗಂದರೇನು ಅಂತ ಆಪರೇಟರ್‌ಗೆ ಗೊತ್ತಿಲ್ಲ. ಅಂಥ ಸಂದೇಶ ದಿನಾ ಬರುತ್ತಿದ್ದವು. ಮುಂದುವರಿಸು ಅನ್ನುವ ಗುಂಡಿ ಒತ್ತಿದರು. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಒತ್ತುತ್ತಿದ್ದೆ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಅದಕ್ಕೆ ಬರೀ ಗೆರೆ ಸಾಲದು. ಏಕೆ ಗೆರೆ ಬಂತು ಅಂತ ಕನ್ನಡದಲ್ಲಿ ಒಂದು ಸಾಲು ಹಾಕಿಸು. "ಬೆರಳು ತಣ್ಣಗಿದೆ, ಉಜ್ಜಿ ಬಿಸಿ ಮಾಡಿ ಮತ್ತೆ ನೋಡಿ." ಇಷ್ಟು ಬಂದಿದ್ದರೆ ಆ ಹುಡುಗಿ ರಾತ್ರಿ ಹೊತ್ತು ಅಳುತ್ತಾ ಓಡಿ ಬರುತ್ತಿರಲಿಲ್ಲ. ಗೆರೆ ಕಂಡು ವಾಪಸ್ ಕಳಿಸುವವರೂ ಕಡಿಮೆಯಾಗುತ್ತಾರೆ. ಮೀಟಿಂಗಿನಲ್ಲಿ ಇದನ್ನೇ ಹೇಳು.

ಈಗ ನಿನ್ನ ದೊಡ್ಡಪ್ಪನ ವಿಷಯ. ತೋಳಿನ ಹಿಂದೆ ಅಂಟಿಸುವ ಶುಗರ್ ಸೆನ್ಸರ್ ಹಾಕಿಸಿದ್ದೇವೆ, ಒಂದು 14 ದಿನ ಬರುತ್ತೆ. ಕೂದಲೆಳೆಯಂಥ ತಂತಿ ಚರ್ಮದ ಕೆಳಗೆ ಇರುತ್ತೆ. ಅದರಿಂದ ಆದ ಉಪಕಾರ ದೊಡ್ಡದು. ಎರಡು ಮುದ್ದೆ ತಿಂದರೆ ಎಷ್ಟು ಏರುತ್ತೆ, ಒಂದು ತಿಂದು ಇಪ್ಪತ್ತು ನಿಮಿಷ ನಡೆದರೆ ಎಷ್ಟಕ್ಕೆ ನಿಲ್ಲುತ್ತೆ ಅಂತ ಅವರೇ ಕಣ್ಣಾರೆ ಕಂಡರು. ಹದಿನೈದು ವರ್ಷ ನಾನು ಬಾಯಿ ನೋಯಿಸಿಕೊಂಡು ಹೇಳಿದ್ದನ್ನು ಅದು ಒಂದು ವಾರದಲ್ಲಿ ಕಲಿಸಿತು.

ಆದರೆ ಒಂದು ರಾತ್ರಿ ಮೂರು ಗಂಟೆಗೆ ಅಲಾರಂ ಹೊಡೆಯಿತು. 58! ನಾನು ಸಕ್ಕರೆ ನೀರು ಕಲಸಿಕೊಂಡು ಬಂದೆ. ಮೈ ಬೆವರಿಲ್ಲ, ಮಾತು ಸರಿಯಾಗಿದೆ. ಬೆರಳು ಚುಚ್ಚಿ ನೋಡಿದರೆ 112. ಅವರು ಸೆನ್ಸರ್ ಇರುವ ಮಗ್ಗುಲಿಗೇ ತಿರುಗಿ ಮಲಗಿದ್ದರು. ತೋಳು ಒತ್ತಿಕೊಂಡರೆ ಹೀಗೆ ಸುಳ್ಳು ಇಳಿತ ಬರುತ್ತೆ, ಯಾಕೆಂದರೆ ಅದು ನೋಡುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ನೀರನ್ನು. ಮಾರನೇ ರಾತ್ರಿಯೂ ಹಾಗೇ ಆಯಿತು. ಮೂರನೇ ದಿನ ಅವರು ಸೌಂಡ್ ಆಫ್ ಮಾಡಿ ಮಲಗಿದ್ದರು. ನಾನೇ ಮತ್ತೆ ಆನ್ ಮಾಡಿಸಿ, ಹೊಸ ಸೆನ್ಸರನ್ನು ಇನ್ನೊಂದು ತೋಳಿಗೆ ಹಾಕಿಸಿದೆ.

ಐಸಿಯುನಲ್ಲೂ ಇದೇ ಕಾಯಿಲೆ. ಸುಮ್ನೆ ಸುಮ್ನೆ ಕೂಗುವ ಮಾನಿಟರಿಗೆ ಕಿವಿ ಒಗ್ಗಿಹೋಗುತ್ತೆ. ಅಮೆರಿಕದ ಆಸ್ಪತ್ರೆಗಳಲ್ಲಿ 2009ರಿಂದ 2012ರ ನಡುವೆ ಅಲಾರಂಗೆ ಸಂಬಂಧಿಸಿದ 98 ಅವಘಡಗಳು ವರದಿಯಾದವು, 80 ಜನ ಹೋದರು. ಕೂಗುವ ಮುಂಚೆ ಯಂತ್ರ ಒಂದು ಸಲ ಯೋಚಿಸಲಿ. ನಾಡಿ ಹೇಗಿದೆ, ಕೈ ಅಲುಗುತ್ತಿದೆಯಾ, ಇಳಿದಿದ್ದು ಹಠಾತ್ತಾಗಿಯಾ ಅಂತ ಸೇರಿಸಿ ನೋಡುವುದು ಈಗ ಕಂಪ್ಯೂಟರಿಗೆ ಬರುತ್ತೆ ಅಂತ ನೀನೇ ಹೇಳಿದ್ದೆ. ಹಾಗೆ ಮಾಡಿದರೆ ಅದು ದೊಡ್ಡ ಸೇವೆ. ಕಣ್ಣಿನ ಫೋಟೋ ನೋಡಿ ಸಕ್ಕರೆ ಕಾಯಿಲೆಯಿಂದ ಆದ ಹಾನಿಯನ್ನು ಗುರುತಿಸುವ ಸಾಫ್ಟ್‌ವೇರಿಗೆ 2018ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಶುಗರ್ ನೋಡಿಕೊಂಡು ತಾನೇ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವ ಪಂಪ್ ಬಂದಿದೆ. ಚಿಕ್ಕ ಮಕ್ಕಳಿಗೆ ಸಕ್ಕರೆ ಕಾಯಿಲೆ ಇದ್ದು, ತಾಯಂದಿರು ರಾತ್ರಿಯೆಲ್ಲ ಎದ್ದು ಕೂರುವುದನ್ನು ನಾನು ನೋಡಿದ್ದೇನೆ. ಅವರಿಗೆ ನಿದ್ದೆ ಕೊಡುವ ಯಂತ್ರ ಅದು.

ಒಂದು ಕಡೆ ಮಾತ್ರ ಕೆಲಸಕ್ಕೆ ಸೇರಬೇಡ. ಚುಚ್ಚದೆ ಶುಗರ್ ಹೇಳುತ್ತೇವೆ ಅಂತ ವಾಚ್ ಮಾರುತ್ತಾರಲ್ಲ, ಅಲ್ಲಿಗೆ. ಅಂಥ ವಾಚು, ಉಂಗುರಗಳನ್ನು ನಂಬಬೇಡಿ ಅಂತ 2024ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ. ಆ ಅಂಕಿ ನೋಡಿ ಇನ್ಸುಲಿನ್ ಹಾಕಿಕೊಂಡರೆ ಜೀವಕ್ಕೇ ಸಂಚಕಾರ. ನಮ್ಮಲ್ಲೂ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾನೂನಿನ ಕೆಳಗೆ ಬಂದಿವೆ. "ಇದು ಬರೀ ಫಿಟ್‌ನೆಸ್‌ಗೆ" ಅಂತ ಸಣ್ಣಕ್ಷರದಲ್ಲಿ ಬರೆದು, ಜಾಹೀರಾತಿನಲ್ಲಿ ಅಪ್ಪ ಅಮ್ಮನ ಆರೋಗ್ಯ ಕಾಯುತ್ತೆ ಅನ್ನುವುದು ನಿಮ್ಮ ಕಡೆ ಆಗದಿರಲಿ.

ನಿಮ್ಮ ತಾತನನ್ನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ನೀನಾಗ ಆರನೇ ಕ್ಲಾಸು. ಅಲ್ಲಿಯ ಹುಡುಗಿ ಶ್ರವಣ ಯಂತ್ರ ಹಾಕಿ, ತಾತ ಕೇಳಿಸುತ್ತಾ, ಈಗ ಕೇಳಿಸುತ್ತಾ ಅಂತ ಎಷ್ಟು ಸಲ ತಿರುವಿ ಸರಿಮಾಡಿದಳು! ನಿನ್ನ ಕೈಯಲ್ಲಿ "ತಾತಾ" ಅಂತ ಕರೆಸಿ, ಅವರು ತಿರುಗಿ ನೋಡಿದ ಮೇಲೇ ಎದ್ದಿದ್ದು.

ದೀಪಾವಳಿಗೆ ಬರುವಾಗ ನಾಲ್ಕೈದು ಉಂಗುರ ತೆಗೆದುಕೊಂಡು ಬಾ, ಆಫೀಸಿನಲ್ಲಿ ಕೇಳಿ ಬರೆಸಿಕೊಂಡೇ ತಾ. ಊರಿನ ಆಲೆಮನೆಯವರಿಗೆ ಹೇಳಿದ್ದೇನೆ. ಬೆಲ್ಲ ಕಾಯಿಸುವವರು, ಕಬ್ಬು ಕಡಿಯುವವರು, ನಾಟಿ ಹೆಂಗಸರು, ಎಲ್ಲ ಸೇರಿ ಒಂದು ಹತ್ತು ಜನ ಬೆರಳು ಕೊಡಲು ಒಪ್ಪಿದ್ದಾರೆ. ಬೆಳಿಗ್ಗೆ ಆರಕ್ಕೆ, ಕೈ ತಣ್ಣಗಿರುವಾಗಲೇ ನೋಡೋಣ. ಉಸಿರು ಎಣಿಸಲು ನಾನಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ