ಉಗ್ರಾಣದಿಂದ ಶುರುಮಾಡು

ಚಿ. ಸುಮಾಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಈ ಕಡೆ ಎಲ್ಲರೂ ಕ್ಷೇಮ.

ರೋಮನ್ ಸಮಾಜದ ಮೇಲೆ ಆದಿ ಕ್ರೈಸ್ತಧರ್ಮದ ಪ್ರಭಾವ ಕುರಿತ ನಿನ್ನ ಅಧ್ಯಾಯವನ್ನು ಎರಡು ಸಲ ಓದಿದೆ. ಬರವಣಿಗೆ ಹಿಡಿತದಲ್ಲಿದೆ. ಆದರೆ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತನಾದ, ರೋಮ್ ಬದಲಾಯಿತು ಅನ್ನುವ ಆ ಮೊದಲ ನಾಲ್ಕು ಪುಟ ಇದೆಯಲ್ಲ, ಅದನ್ನು ತೆಗೆದುಹಾಕು. ಅರಮನೆಯಿಂದ ಹೊರಟರೆ ಎಲ್ಲವೂ ಮೇಲಿನಿಂದ ಸುರಿದಂತೆ ಕಾಣುತ್ತದೆ. ಉಗ್ರಾಣದಿಂದ ಶುರುಮಾಡು.

ಉತ್ತರ ಆಫ್ರಿಕದಲ್ಲಿ ಕಿರ್ತಾ ಅಂತ ಊರು, ಈಗಿನ ಅಲ್ಜೀರಿಯದ್ದು. ಕ್ರಿ.ಶ. 303ರ ಮೇ 19ರಂದು, ಕ್ರೈಸ್ತರ ಗ್ರಂಥಗಳನ್ನು ವಶಮಾಡಿಕೊಳ್ಳಬೇಕೆಂಬ ಚಕ್ರವರ್ತಿ ಡಯೋಕ್ಲೀಷಿಯನ್ನನ ಆಜ್ಞೆಯಂತೆ, ಊರಿನ ಅಧಿಕಾರಿ ಅವರು ಸೇರುತ್ತಿದ್ದ ಮನೆಗೇ ಬಂದು ಮಹಜರು ಮಾಡಿಸಿದ. ಚಿನ್ನದ ಬಟ್ಟಲು 2, ಬೆಳ್ಳಿಯವು 6, ಬೆಳ್ಳಿ ದೀಪ 7. ಆಮೇಲೆ ಬಟ್ಟೆಬರೆ: ಹೆಂಗಸರ ನಿಲುವಂಗಿ 82, ಮುಸುಕು 38, ಗಂಡಸರ ನಿಲುವಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ. ಪುಸ್ತಕದ ಕಪಾಟು ತೆರೆದರೆ ಖಾಲಿ. ಊಟದ ಕೋಣೆಯಲ್ಲಿ 4 ದೊಡ್ಡ ವಾಡೆ, 6 ಜಾಡಿ. ಮುಂದೆ 320ರಲ್ಲಿ ಒಂದು ವಿಚಾರಣೆಯಲ್ಲಿ ಈ ಮಹಜರನ್ನು ಓದಿಸಿದ್ದರಿಂದ ನಮಗೆ ಉಳಿದಿದೆ.

ಹೆಂಗಸರ ಬಟ್ಟೆ ಐದು ಪಾಲು ಏಕಿತ್ತು ಅನ್ನುವುದು ಪ್ರಶ್ನೆ. ವಿಧವೆಯರಿಗೆ, ಬಡವರಿಗೆ ಹಂಚಲು ಇಟ್ಟಿದ್ದರು ಅನ್ನುವುದು ಒಪ್ಪುವಂಥ ಊಹೆ. ಆದರೆ ಮಹಜರಿನಲ್ಲಿ ಆ ಮಾತಿಲ್ಲ, ಊಹೆಯೆಂದೇ ಬರೆ. ಅದಕ್ಕೆ ಆಸರೆಯಾಗಿ ರೋಮ್‌ನ ಬಿಷಪ್ ಕೊರ್ನೇಲಿಯಸ್ 251ರ ಸುಮಾರಿಗೆ ಕೊಟ್ಟ ಲೆಕ್ಕ ಸೇರಿಸು: 46 ಪಾದ್ರಿಗಳು, 7 ಡೀಕನ್ನರು (ಪಾದ್ರಿಗಳ ಕೆಳಗಿನ ಸೇವಕರು), ಸಭೆಯ ಅನ್ನದಲ್ಲಿದ್ದ ವಿಧವೆಯರೂ ದಿಕ್ಕಿಲ್ಲದವರೂ 1500ಕ್ಕೂ ಮೇಲೆ.

‘ಕ್ರೈಸ್ತಧರ್ಮಕ್ಕೆ ಮೊದಲು ರೋಮ್‌ನಲ್ಲಿ ದಾನವೇ ಇರಲಿಲ್ಲ’ ಅಂತ ಬರೆದಿದ್ದೀಯ. ಪರೀಕ್ಷಕರು ಮೊದಲು ಹಿಡಿಯುವುದು ಇದನ್ನೇ. ಚಕ್ರವರ್ತಿ ಆಗಸ್ಟಸ್ಸನ ಕಾಲಕ್ಕೆ ಸುಮಾರು 2 ಲಕ್ಷ ಜನಕ್ಕೆ ತಿಂಗಳಿಗೆ 5 ಮೋದಿಯಸ್ (ರೋಮನ್ನರ ಧಾನ್ಯದ ಅಳತೆ) ಗೋಧಿ ಪುಕ್ಕಟೆ ಸಿಗುತ್ತಿತ್ತು. ಸಿರಿವಂತರು ಸ್ನಾನಗೃಹ ಕಟ್ಟಿಸುತ್ತಿದ್ದರು, ಊಟ ಹಾಕಿಸುತ್ತಿದ್ದರು. ವ್ಯತ್ಯಾಸ ಎಲ್ಲಿದೆ ಅಂದರೆ, ಆ ಪಡಿ ನಾಗರಿಕನ ಹಕ್ಕು. ಬಡತನ ನೋಡಿ ಕೊಟ್ಟದ್ದಲ್ಲ. ಪಟ್ಟಿಯಲ್ಲಿಲ್ಲದ ವಿಧವೆ, ಪರದೇಶಿ, ಗುಲಾಮ ಅದರ ಹೊರಗೆ. ಬಡವ ಬಡವನಾಗಿದ್ದಕ್ಕೇ ಲೆಕ್ಕಕ್ಕೆ ಬಂದ, ಅದು ಹೊಸದು.

ಈ ಮಾತಿಗೆ ಕ್ರೈಸ್ತರ ಸಾಕ್ಷಿಗಿಂತ ಎದುರಾಳಿಯ ಸಾಕ್ಷಿ ತೂಕದ್ದು. ಹಳೆಯ ದೇವತೆಗಳನ್ನು ಮತ್ತೆ ನೆಲೆಗೊಳಿಸಲು ಹೊರಟ ಚಕ್ರವರ್ತಿ ಜೂಲಿಯನ್, 362ರಲ್ಲಿ ಗಲಾಷಿಯದ (ಈಗಿನ ಟರ್ಕಿಯ ಒಂದು ಪ್ರಾಂತ) ಪ್ರಧಾನ ಅರ್ಚಕ ಅರ್ಸೇಷಿಯಸ್‌ಗೆ ಬರೆದ ಪತ್ರ ನೋಡು. ಆ ಗಲಿಲಿಯದವರು (ಕ್ರೈಸ್ತರನ್ನು ಅವನು ಕರೆಯುವುದೇ ಹಾಗೆ) ತಮ್ಮ ಬಡವರ ಜೊತೆಗೆ ನಮ್ಮವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆಗೇಡು ಅನ್ನುತ್ತಾನೆ. ಊರೂರಿಗೆ ಛತ್ರ ತೆರೆ ಅಂತ ಹೇಳಿ, ವರ್ಷಕ್ಕೆ 30,000 ಮೋದಿಯಸ್ ಗೋಧಿ, 60,000 ಸೆಕ್ಸ್‌ಟೇರಿಯಸ್ (ಸುಮಾರು ಅರ್ಧ ಲೀಟರಿನ ಅಳತೆ) ದ್ರಾಕ್ಷಾರಸ ಮಂಜೂರು ಮಾಡುತ್ತಾನೆ. ಐದನೇ ಒಂದು ಪಾಲು ಅರ್ಚಕರ ಸೇವೆಯಲ್ಲಿರುವ ಬಡವರಿಗೆ, ಮಿಕ್ಕದ್ದು ಪರದೇಶಿಗಳಿಗೆ, ಭಿಕ್ಷುಕರಿಗೆ. ವಿರೋಧಿಯೇ ನಕಲು ಮಾಡಲು ಹೊರಟ ಅಂದಮೇಲೆ ಪ್ರಭಾವಕ್ಕೆ ಇನ್ನೇನು ಪುರಾವೆ ಬೇಕು? ಈ ಪತ್ರ ಅವನದ್ದೇ ಹೌದೇ ಅಂತ ತಕರಾರು ತೆಗೆದ ವಿದ್ವಾಂಸರೂ ಇದ್ದಾರೆ. ಅಡಿಟಿಪ್ಪಣಿಯಲ್ಲಿ ಆ ಮಾತು ಬರಲಿ, ಮುಚ್ಚಿಡಬೇಡ.

ಇನ್ನೊಂದು ಪ್ರಭಾವ ನಿನ್ನ ಅಧ್ಯಾಯದಲ್ಲಿ ಬಿಟ್ಟೇಹೋಗಿದೆ. ಚಕ್ರವರ್ತಿ ಡೀಸಿಯಸ್, ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಕೊಡಲೇಬೇಕೆಂದು ಆಜ್ಞೆ ಮಾಡಿದ. 250ರ ಜೂನ್-ಜುಲೈ ಹೊತ್ತಿನ ರುಜುವಾತು ಚೀಟಿಗಳು ಈಜಿಪ್ಟಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಒಕ್ಕಣೆ ಹೆಚ್ಚುಕಡಿಮೆ ಒಂದೇ: ಯಾವಾಗಲೂ ದೇವತೆಗಳಿಗೆ ಬಲಿ ಕೊಟ್ಟವನೇ, ಈಗಲೂ ನಿಮ್ಮೆದುರು ತರ್ಪಣ ಬಿಟ್ಟೆ, ಬಲಿ ಕೊಟ್ಟೆ, ಪ್ರಸಾದ ತಿಂದೆ, ಸಹಿ ಹಾಕಿಕೊಡಿ. ಕ್ರೈಸ್ತರ ಹೆಸರೇ ಅದರಲ್ಲಿಲ್ಲ. ಒಂದು ಚೀಟಿಯಂತೂ ಮೊಸಳೆದೇವರ ಅರ್ಚಕಿಯದ್ದೇ! ಆಜ್ಞೆ ಎಲ್ಲರಿಗೂ ಅನ್ವಯಿಸಿತ್ತು ಅನ್ನಲು ಇದಕ್ಕಿಂತ ಬೇಕಿಲ್ಲ. ಅಲ್ಲಿಯವರೆಗೆ ಬಲಿ ಊರಿನ ಕೆಲಸ. ಈಗ ತಲೆಗೊಂದು ಚೀಟಿ. ನಿನ್ನ ದೇವರು ಯಾರು ಅಂತ ಸರಕಾರ ಒಬ್ಬೊಬ್ಬರನ್ನೇ ಕೇಳುವ ಪದ್ಧತಿ ಹೀಗೆ ಬೇರೂರಿತು, ಮುಂದೆ ಕ್ರೈಸ್ತ ಚಕ್ರವರ್ತಿಗಳಿಗೂ ಅದೇ ಅಸ್ತ್ರವಾಯಿತು. (ಈ ಚೀಟಿಗಳಲ್ಲಿ ಕೆಲವು ಆಕ್ಸಿರಿಂಕಸ್‌ನವು. ಕನ್ನಡದ ಮಾತುಗಳಿವೆ ಅಂತ ಶಾಮಶಾಸ್ತ್ರಿಗಳು ವಾದಿಸಿದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅದೇ ಊರಿನ ಕಸದ ದಿಬ್ಬಗಳಲ್ಲಿ. ಅಧ್ಯಾಯಕ್ಕೆ ಬೇಡ, ನಿನಗೆ ಖುಷಿಯಾಗಲಿ ಅಂತ ಹೇಳಿದೆ.)

ಗುಲಾಮಗಿರಿ, ಗ್ಲಾಡಿಯೇಟರ್ ಕಾಳಗ ಎರಡನ್ನೂ ‘ಕ್ರೈಸ್ತಧರ್ಮ ನಿಲ್ಲಿಸಿತು’ ಅಂತ ಒಂದೇ ವಾಕ್ಯದಲ್ಲಿ ಮುಗಿಸಿದ್ದೀಯ. ಎರಡೂ ತಪ್ಪು. 325ರಲ್ಲಿ ಕಾನ್‌ಸ್ಟಂಟೈನ್ ಕಾಳಗದ ವಿರುದ್ಧ ಶಾಸನ ಹೊರಡಿಸಿದ್ದು ನಿಜ. ಅವನೇ 330ರ ದಶಕದಲ್ಲಿ ಇಟಲಿಯ ಹಿಸ್ಪೆಲ್ಲುಮ್ ಊರಿಗೆ ಕಾಳಗ ನಡೆಸಲು ಒಪ್ಪಿಗೆ ಕೊಟ್ಟ. 316ರ ಸುಮಾರಿನ ಇನ್ನೊಂದು ಶಾಸನ ಇನ್ನೂ ಚೆನ್ನಾಗಿದೆ: ಗಣಿಗೋ ಗ್ಲಾಡಿಯೇಟರ್ ಶಾಲೆಗೋ ಶಿಕ್ಷೆಯಾದವರ ಮುಖಕ್ಕೆ ಗುರುತು ಚುಚ್ಚಬಾರದು, ಮುಖ ದೈವಿಕ ಸೌಂದರ್ಯದ ಪ್ರತಿರೂಪ, ಕೈಗೋ ಮೀನಖಂಡಕ್ಕೋ ಚುಚ್ಚಿ ಅನ್ನುತ್ತದೆ. ಗುರುತು ಜಾಗ ಬದಲಾಯಿಸಿತು, ನಿಲ್ಲಲಿಲ್ಲ. ಗುಲಾಮರ ಕೊರಳಿಗೆ ಹಾಕಿದ ಲೋಹದ ಪಟ್ಟಿಗಳಲ್ಲಿ ಒಂದರ ಮೇಲೆ ಒಡೆಯ ಆರ್ಚ್‌ಡೀಕನ್ (ಡೀಕನ್ನರ ಮುಖ್ಯಸ್ಥ) ಅಂತ ಕೆತ್ತಿದೆ. ಗುಲಾಮಗಿರಿಯ ಬುಡಕ್ಕೇ ಕೊಡಲಿ ಹಾಕಿ ಮಾತಾಡಿದ್ದು ನಾಲ್ಕನೆಯ ಶತಮಾನದ ಬಿಷಪ್, ನಿಸ್ಸದ ಗ್ರೆಗರಿ. ಅಂಥವರು ಅಪರೂಪ. ಹಾಗಾಗಿ ಕೋಷ್ಟಕ ಹಾಕಿ, ಪ್ರತಿ ವಿಷಯಕ್ಕೂ ಮೂರು ಸಾಲು ಬೇರೆ ಬೇರೆ ಮಾಡು: ಬೋಧಿಸಿದ್ದೇನು, ಕಾನೂನಾದದ್ದೇನು, ನಡೆದದ್ದೇನು. ಮೂರನೆಯದಕ್ಕೆ ಆಧಾರ ಸಿಗದಿದ್ದರೆ ಆ ಸಾಲು ಖಾಲಿ ಬಿಡು.

ಸಣ್ಣಪುಟ್ಟವು. 300ರ ಹೊತ್ತಿಗೆ ಕ್ರೈಸ್ತರು 60 ಲಕ್ಷ ಅನ್ನುವ ಅಂಕಿ ಜನಗಣತಿಯಲ್ಲ. 40ರಲ್ಲಿ 1000 ಜನ, ದಶಕಕ್ಕೆ ಶೇ. 40 ಏರಿಕೆ ಅಂತ ಹಿಡಿದು ಹಾಕಿದ ಲೆಕ್ಕ. ರೋಮನ್ ಪ್ರಾಂತಾಧಿಕಾರಿ ಪ್ಲಿನಿ 112ರ ಸುಮಾರಿಗೆ, ಕ್ರೈಸ್ತರಿಂದಾಗಿ ಬಲಿಮಾಂಸಕ್ಕೆ ಗಿರಾಕಿಯಿಲ್ಲ ಅಂದದ್ದನ್ನು ಅರ್ಧಕ್ಕೆ ನಿಲ್ಲಿಸಿದ್ದೀಯ. ಈಗ ಮತ್ತೆ ಮಾರಾಟವಾಗುತ್ತಿದೆ ಅಂತ ಚಕ್ರವರ್ತಿ ಟ್ರೇಜನ್ನನ ಮುಂದೆ ಹೆಚ್ಚುಗಾರಿಕೆ ತೋರಿಸಲು ಆಡಿದ ಮಾತದು. ‘ಪೇಗನ್’ ಅನ್ನು ‘ವಿಗ್ರಹಾರಾಧಕ’ ಮಾಡಬೇಡ. ಅದು ಹಳೆಯ ದೇವತೆಗಳನ್ನು ಪೂಜಿಸುವವರಿಗೆ ಕ್ರೈಸ್ತರು ಇಟ್ಟ ಹೆಸರು, ಮೂಲದಲ್ಲಿ ಹಳ್ಳಿಯವನು ಅಂತ ಅರ್ಥ. ‘ಪೇಗನ್’ ಎಂದೇ ಇಟ್ಟು, ಮೊದಲ ಸಲ ಬಂದಾಗ ಬಿಡಿಸಿ ಹೇಳು.

ಮೋದಿಯಸ್‌ಗೆ ‘ಸೇರು’ ಅಂತ ಹಾಕಿದ್ದೀಯಲ್ಲ, ಒಂದು ಮೋದಿಯಸ್ ಅಂದರೆ ಸುಮಾರು 8.7 ಲೀಟರ್. ನಿನ್ನ ಅನುವಾದದಲ್ಲಿ ಜೂಲಿಯನ್ನನ ಛತ್ರಗಳಿಗೆ ಎಂಟನೇ ಒಂದು ಪಾಲು ಗೋಧಿಯೂ ಮುಟ್ಟಿಲ್ಲ. ಸರಿಮಾಡಿ, ಕೋಷ್ಟಕದ ಪುಟಗಳನ್ನು ಮೊದಲು ಕಳಿಸು.

ಇತಿ,
ನಿನ್ನ ದೊಡ್ಡಪ್ಪ